ಎಣ್ಣೆ ಕಾಣದ ತಲೆ

ಈ ಸಾರಿಯ ಜ್ಞಾಪಕಸಂಚಿಕೆಗೆ ನಮ್ಮಿಂದಲೂ ಒಂದು ಲೇಖನವು ಬರಬೇಕೆಂದು ಸಂಚಿಕೆಯ ಮಂಡಲಿಯವರು ಕೇಳಿದಾಗ, ಶಿಸ್ತಿನ ವಿಷಯವಾಗಿಯೋ ಪರೀಕ್ಷೆಯ ಫಲಿತಾಂಶದ ವಿಷಯವಾಗಿಯೋ ನಾಲ್ಕು ಮಾತು ಬರೆದು ಕೊಡುವೆವೆಂದು ಅವರೂ ಎಣಿಸಿದ್ದರು, ನಾವೂ ಎಣಿಸಿದ್ದೆವು. ಬರೆಯಲು ಕುಳಿತಾಗ ಮನಸ್ಸು ಆ ಕಡೆಗೆ ಹೋಗಲಿಲ್ಲ. ಕಳೆದ ಎಂಟು ತಿಂಗಳಿನಿಂದ ನಮ್ಮನ್ನು ಕಾಡುತ್ತಿರುವುದು ಒಬ್ಬ ಹುಡುಗಿಯ ತಲೆಗೂದಲು. ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯು ಬರೆಯತಕ್ಕ ವಿಷಯವೇ ಇದು ಎಂದು ಕೆಲವರು ನಕ್ಕಾರು. ನಗಲಿ. ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತು ವರುಷ ಕಳೆದವರಿಗೆ, ಬೆಳಗಿನ ಅರ್ಧ ಕಷ್ಟವು ತಲೆಗೂದಲಿನಿಂದಲೇ ಹುಟ್ಟುವುದೆಂದು ಬೇರೆ ಹೇಳಬೇಕಾದುದಿಲ್ಲ.

ಹಳೆಯ ವಿದ್ಯಾರ್ಥಿನಿಯರಿಗೆ ಬೋರ್ಡಿಂಗಿನ ಶನಿವಾರಗಳು ನೆನಪಿರಬೇಕು. ನಾವೂ ಇಂಥದೇ ಒಂದು ಮಿಷನ್ ಬೋರ್ಡಿಂಗಿನಲ್ಲಿ ಬೆಳೆದವರು. ಮಧ್ಯಾಹ್ನದ ಊಟವಾದ ಮೇಲೆ ಮೇಟ್ರನ್ ಅಮ್ಮನವರು ಹಿತ್ತಲ ಜಗಲಿಯ ಮೇಲೆ ಎಣ್ಣೆಯ ತಂಬಿಗೆಯನ್ನಿಟ್ಟುಕೊಂಡು ಕೂರುವರು. ತಲೆಗೊಂದು ಚಮಚ, ನೀಳವಾದ ಜಡೆಯುಳ್ಳವಳಿಗೆ ಒಂದೂವರೆ. ಆ ಅರ್ಧ ಚಮಚಕ್ಕಾಗಿ ಜಡೆಯನ್ನು ಎಳೆದೆಳೆದು ಉದ್ದ ಮಾಡಿ ತೋರಿಸಿದವರಲ್ಲಿ ನಾವೂ ಒಬ್ಬರು. ಮೆಟ್ಟಲುಗಳ ಮೇಲೆ ಒಬ್ಬಳ ಹಿಂದೆ ಒಬ್ಬಳು ಸಾಲಾಗಿ ಕುಳಿತು, ಹಿಂದಿನವಳು ಮುಂದಿನವಳ ತಲೆಯನ್ನು ತಿಕ್ಕಬೇಕು. ಎಲ್ಲಕ್ಕೂ ಮೇಲಿನ ಮೆಟ್ಟಲಿನವಳ ತಲೆಯು ಮೇಟ್ರನ್ನರ ಪಾಲಿಗೆ ಬರುವುದು. ಅವರ ಕೈ ಬಹಳ ಗಟ್ಟಿ. ಆದುದರಿಂದ ಆ ಮೆಟ್ಟಲಿಗೆ ಹೋಗುವವರೇ ಇರಲಿಲ್ಲ. ಆಮೇಲೆ ಹಂಡೆಯ ಬಿಸಿನೀರು, ಸೀಗೆಪುಡಿ, ಚಿಗರೆಪುಡಿ, ಕಣ್ಣುರಿ, ಅಳು. ಸಂಜೆಗೆ ಕೂದಲಾರಿಸಿಕೊಂಡು ನಿಂತ ಐವತ್ತು ಹುಡುಗಿಯರ ತಲೆಯಿಂದ ಬರುತ್ತಿದ್ದ ಆ ಸೀಗೆಯ ವಾಸನೆಯು ಈಗಲೂ ಎಲ್ಲಿಯಾದರೂ ಬಂದರೆ ನಾವು ಹನ್ನೆರಡು ವರುಷದವರಾಗಿಬಿಡುವೆವು.

ಅಲ್ಲಿಂದ ನಾವು ಹೊತ್ತು ತಂದ ನಿಯಮವೇ ಈ ಶಾಲೆಯಲ್ಲಿಯೂ ನಡೆದುಬಂದಿತು: ಎಣ್ಣೆ ಹಚ್ಚಿ, ಬೈತಲೆ ತೆಗೆದು, ಎರಡು ಜಡೆ ಹೆಣೆದು, ಮಡಿಸಿ, ರಿಬ್ಬನ್ನು ಕಟ್ಟಿ ಬರತಕ್ಕದ್ದು. ಈ ನಿಯಮವನ್ನು ಕುರಿತು ಎಂದೂ ಎರಡನೆಯ ಸಲ ಯೋಚಿಸಿದವರಲ್ಲ.

2025ನೆಯ ಇಸವಿ ಜೂನ್ ತಿಂಗಳು. ಶಾಲೆಯು ತೆರೆದು ಎರಡನೆಯ ವಾರ. ಒಂಬತ್ತನೆಯ ತರಗತಿಯ ಸಾಲಿನಲ್ಲಿ ಒಬ್ಬ ಹುಡುಗಿಯ ತಲೆಯು ನಮ್ಮ ಕಣ್ಣಿಗೆ ಬಿದ್ದಿತು. ಅವಳ ಹೆಸರು ಇಲ್ಲಿ ಬೇಡ. ಏಪ್ರಿಲಿನಲ್ಲಿ ರಜಕ್ಕೆ ಹೋಗುವಾಗ ಸೊಂಟದವರೆಗೆ ಕಪ್ಪಾದ ಜಡೆಯಿದ್ದವಳು. ಈಗ ಅದು ಕೆಂಪಾಗಿ, ಕೆದರಿ, ಸುಲಿದ ಕಾಯಿಯ ನಾರಿನಂತೆ ನಿಂತಿದ್ದಿತು. ಜಡೆಯಿಂದ ಹೊರಕ್ಕೆ ಮುರಿದ ಎಳೆಗಳು ಎಲ್ಲ ದಿಕ್ಕಿಗೂ ಚಾಚಿಕೊಂಡಿದ್ದುವು. ನಾವು ಅವಳನ್ನು ಮುಂದಕ್ಕೆ ಕರೆದು, ಪ್ರಾರ್ಥನೆಗೆ ನಿಂತ ಇಡೀ ಶಾಲೆಯು ಕೇಳುವಂತೆ, ಎಣ್ಣೆ ಕಾಣದ ತಲೆಯನ್ನು ಹೊತ್ತು ಈ ಅಂಗಳಕ್ಕೆ ಬರಕೂಡದೆಂದು ಹೇಳಿದೆವು. ಸಾಲದೆಂಬಂತೆ, ಅವಳ ಚೀಲದಲ್ಲಿದ್ದ ಬೆರಳುದ್ದದ ಒಂದು ಸೀಸೆಯನ್ನೂ ತೆಗೆದಿಟ್ಟುಕೊಂಡೆವು. ಅದು ಕೂದಲಿಗೆ ಹಚ್ಚುವ ಸೀರಮ್. ಎಣ್ಣೆಗೆ ಹಣವಿಲ್ಲ, ಇದಕ್ಕೆ ಇದೆಯೆ ಎಂದೂ ಕೇಳಿದೆವು. ಹುಡುಗಿಯು ತಲೆಯೆತ್ತಲಿಲ್ಲ. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಮೂರನೆಯ ದಿನ ಅವಳ ಅಜ್ಜಿ ಬಂದರು. ಕುರ್ಚಿ ತೋರಿಸಿದರೂ ಕುಳಿತುಕೊಳ್ಳದೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೇ ಹೇಳಿದರು: “ಮೇಡಮ್ಮೋರೇ, ನನ್ನ ಮಗ ದಿನಾ ಮೂವತ್ತು ನಲವತ್ತು ಮರ ಹತ್ತಿ ಕಾಯಿ ಕೆಡವ್ತಾನೆ. ಮನೇಲಿ ಒಗ್ಗರಣೆಗೇ ಎಣ್ಣೆ ಅಳೆದು ಹಾಕ್ತಾ ಇದೀವಿ. ತಲೆಗೆ ಎಲ್ಲಿಂದ ತರಾನ ಹೇಳಿ? ಆ ಸೀಸೆ ಅವ್ಳ ಅತ್ತೆ ಕೊಟ್ಟಿದ್ದು. ಅದೊಂದು ಇದ್ರೆ ಬಾಚಣಿಗೆ ಆದ್ರೂ ಇಳೀತದೆ ಅಂತಾಳೆ. ಕೊಟ್ಬಿಡಿ.”

ತೆಂಗಿನ ಸೀಮೆಯಲ್ಲಿದ್ದುಕೊಂಡು ಇದನ್ನು ನಾವು ಊಹಿಸದೆ ಹೋದುದು ಹೇಗೆ ಎಂಬುದು ಈಗಲೂ ನಮಗೆ ಆಶ್ಚರ್ಯವಾಗಿದೆ. ಅದು ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯ ಧಾರಣೆಯು ಹಿಂದೆಂದೂ ಕಾಣದ ಎತ್ತರಕ್ಕೆ ಏರಿದ್ದ ವರುಷ. ತೋಟವಿದ್ದವರು ಸಂತೋಷಪಟ್ಟರು, ನಮ್ಮ ವಿದ್ಯಾರ್ಥಿನಿಯರ ತಂದೆಗಳಲ್ಲಿಯೂ ಅಂಥವರು ಹಲವರಿದ್ದಾರೆ, ಅವರ ಸಂತೋಷವು ನ್ಯಾಯವಾದುದೇ. ಆದರೆ ಮರ ಹತ್ತುವವನು, ಕಾಯಿ ಸುಲಿಯುವವಳು ಅಂಗಡಿಯಿಂದಲೇ ಎಣ್ಣೆ ತರತಕ್ಕವರು. ನಮ್ಮ ಕಡೆಯ ಕೊಬ್ಬರಿಯಾದರೋ ಗಾಣಕ್ಕೆ ಹೋಗುವುದು ಕಡಮೆ. ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಇಟ್ಟು, ಒಳಗಿನ ನೀರು ತಾನಾಗಿ ಇಂಗಿ ಗಿಟುಕು ಅಲ್ಲಾಡುವಂತಾದ ಮೇಲೆ ಒಡೆದು ತೆಗೆಯುವ ಉಂಡೆಕೊಬ್ಬರಿಯು ಉತ್ತರದೇಶದವರ ಸಿಹಿತಿಂಡಿಗೆ ಹೋಗುವುದು. ಸೀಸೆಯಲ್ಲಿ ನಮಗೆ ಬರುವ ಎಣ್ಣೆಯು ಬಹುಮಟ್ಟಿಗೆ ಬೇರೆ ಊರಿನದು. ಆ ಸೀಸೆಯಲ್ಲಿರುವುದು ಅಡಿಗೆಯ ಎಣ್ಣೆಯೋ ತಲೆಯ ಎಣ್ಣೆಯೋ ಎಂಬ ಬಗೆಗೆ ತೆರಿಗೆಯವರಿಗೂ ತಯಾರಕರಿಗೂ ಬಹುಕಾಲ ವ್ಯಾಜ್ಯ ನಡೆದು, 2024ನೆಯ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಶುದ್ಧವಾದ ಕೊಬ್ಬರಿ ಎಣ್ಣೆಯನ್ನು ಸಣ್ಣ ಸೀಸೆಯಲ್ಲಿ ತುಂಬಿದ ಮಾತ್ರಕ್ಕೇ ಅದು ತಲೆಯ ಎಣ್ಣೆಯಾಗಲಾರದೆಂದು ತೀರ್ಪು ಕೊಟ್ಟಿತು. ಅಜ್ಜಿಯ ಮನೆಯಲ್ಲಿ ಈ ಪ್ರಶ್ನೆಯು ಒಗ್ಗರಣೆಯ ಸೌಟಿನ ಬಳಿಯೇ ತೀರ್ಮಾನವಾಗಿಹೋಗಿದ್ದಿತು.

ಮಿಕ್ಕ ಸಂಗತಿಯನ್ನು ಅಜ್ಜಿಯಿಂದ ಸ್ವಲ್ಪ, ಹುಡುಗಿಯಿಂದ ಆಮೇಲೆ ಸ್ವಲ್ಪ ತಿಳಿದೆವು. ರಜದಲ್ಲಿ ಬೆಂಗಳೂರಿನಲ್ಲಿ ನೆಂಟರ ಮದುವೆ. ಓರಗೆಯ ಹುಡುಗಿಯರೆಲ್ಲರೂ ಸೇರಿ ಒಂದು ಸಿಂಗಾರದಂಗಡಿಗೆ ಹೋಗಿ ಕೂದಲಿನ ಬಣ್ಣವನ್ನು ಬ್ಲೀಚಿನಿಂದ ತೆಗೆಸಿ, ಬೇರೆ ಬಣ್ಣ ಹಾಕಿಸಿ, ಕಾದ ಇಸ್ತ್ರಿಯಿಂದ ನೇರ ಮಾಡಿಸಿಕೊಂಡರು. ಮದುವೆಯ ಮೂರು ದಿನ ಅದು ರೇಷ್ಮೆಯಂತೆ ಇದ್ದಿತಂತೆ. ಊರಿಗೆ ಬಂದು ಕೊಳವೆಬಾವಿಯ ನೀರಿನಲ್ಲಿ ಮೈಸೋಪಿನಿಂದ ಎರಡು ಸಲ ತೊಳೆದುದೇ ತಡ, ಹೀಗಾಯಿತು.

ಇಲ್ಲಿ ನಾವೊಂದು ಒಪ್ಪಿಗೆ ಮಾಡಬೇಕಾಗಿದೆ. ಅಜ್ಜಿಗೆ ಸೀಸೆಯನ್ನು ಕೊಡುವುದಕ್ಕೆ ಮೇಜಿನ ಕೆಳಗಿನ ಖಾನೆಯನ್ನು ಎಳೆದಾಗ, ಅಲ್ಲಿ ಅಂಥವೇ ಎರಡು ಸೀಸೆಗಳಿದ್ದುವು. ಒಂದು ಅವಳದು. ಇನ್ನೊಂದು ನಮ್ಮದು. ಮೂವತ್ತೆಂಟನೆಯ ವಯಸ್ಸಿನಿಂದ ನಾವು ತಲೆಗೆ ಬಣ್ಣ ಹಚ್ಚುತ್ತ ಬಂದವರು. ಕೂದಲು ಒಣಗಿ ಹುಲ್ಲಾದಾಗ ಅಣ್ಣನ ಮಗಳು ಬೆಂಗಳೂರಿನಿಂದ ತಂದುಕೊಟ್ಟ ಸೀರಮನ್ನು ದಿನವೂ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಎರಡು ತೊಟ್ಟು ಹಚ್ಚಿಕೊಂಡು, ಅನಂತರ ಹೊರಗೆ ಹೋಗಿ ಹುಡುಗಿಯರ ತಲೆಯ ಎಣ್ಣೆಯನ್ನು ಪರೀಕ್ಷಿಸುತ್ತಿದ್ದವರು. ಖಾನೆಯನ್ನು ಬೇಗನೆ ಮುಚ್ಚಿ, ಕೈಗೆ ಬಂದ ಸೀಸೆಯನ್ನು ಅಜ್ಜಿಗೆ ಕೊಟ್ಟು, ನಮ್ಮದು ತಪ್ಪಾಯಿತೆಂದು ಅವರಿಗೆ ಹೇಳಿದೆವು. ಆದರೆ ಬೈದುದು ಇಡೀ ಶಾಲೆಯ ಮುಂದೆ. ತಪ್ಪೊಪ್ಪಿಕೊಂಡುದು ಮುಚ್ಚಿದ ಕೋಣೆಯಲ್ಲಿ. ಇದು ಸರಿಯಾಗಲಿಲ್ಲವೆಂದು ಮನಸ್ಸಿಗೆ ತಿಳಿದಿದ್ದರೂ, ಅದೇ ಅಂಗಳದಲ್ಲಿ ನಿಂತು ಅದೇ ಹುಡುಗಿಯರೆದುರಿಗೆ ಹೇಳಲು ಧೈರ್ಯ ಬಂದುದು ನಾಲ್ಕು ದಿನಗಳ ಮೇಲೆ. ಹೇಳಿದೆವು. ಕಾಲು ನಡುಗಿತು.

ತಿಳಿಯದ ವಿಷಯದಲ್ಲಿ ನಿಯಮ ಮಾಡಬಾರದೆಂದು ಟ್ರೈನಿಂಗ್ ಕಾಲೇಜಿನಲ್ಲಿ ಕಲಿತವರು ನಾವು. ಕಲಿತುದನ್ನು ನೆನಪಿಸಿಕೊಂಡು ಓದಲು ತೊಡಗಿದೆವು. ಚರ್ಮವೈದ್ಯರಾಗಿರುವ ಹಳೆಯ ವಿದ್ಯಾರ್ಥಿನಿಯೊಬ್ಬರನ್ನೂ ಪತ್ರ ಬರೆದು ಕೇಳಿದೆವು. ಈ ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿಯೇ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಅಂಥ ಊರಿನಲ್ಲಿ ಇದನ್ನು ಕನ್ನಡದಲ್ಲಿ ಹೇಳಲಾರೆವೆಂದರೆ ನಾಚಿಕೆಗೇಡು. ಆದುದರಿಂದ ತಿಳಿದಷ್ಟನ್ನು ಹೇಳುವೆವು.

ತಲೆಯಿಂದ ಹೊರಗೆ ಬಂದ ಕೂದಲಿಗೆ ಜೀವವಿಲ್ಲ. ಜೀವವಿರುವುದು ಚರ್ಮದೊಳಗಿನ ಬೇರಿನಲ್ಲಿ ಮಾತ್ರ. ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು ಅದು ಬೆಳೆಯುವುದು. ಹಾಗೆಂದರೆ ಸೊಂಟ ಮುಟ್ಟುವ ಜಡೆಯ ತುದಿಗೆ ಐದು ವರುಷದ ವಯಸ್ಸು. ಒಂಬತ್ತನೆಯ ತರಗತಿಯವಳ ಜಡೆಯ ತುದಿಯು ಅವಳು ನಾಲ್ಕನೆಯ ತರಗತಿಯಲ್ಲಿದ್ದಾಗ ಹುಟ್ಟಿದುದು. ಅಷ್ಟು ಬಿಸಿಲು, ಅಷ್ಟು ಬಾಚಣಿಗೆ, ಅಷ್ಟು ನೀರನ್ನು ಅದು ಕಂಡಿರುತ್ತದೆ. ಗಾಯ ಮಾಯುವಂತೆ ಅದು ಮಾಯಲಾರದು, ಏಕೆಂದರೆ ಮಾಯುವುದಕ್ಕೆ ಜೀವ ಬೇಕು. ಒಡೆದ ತುದಿಯನ್ನು ಕೂಡಿಸುವೆವೆಂದು ಯಾವ ಎಣ್ಣೆಯವರು, ಯಾವ ಸೀರಮಿನವರು ಹೇಳಿದರೂ ನಂಬತಕ್ಕದ್ದಲ್ಲ.

ಕೂದಲಿನ ಹೊರಗೆ ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಹೊದ್ದುಕೊಂಡ ಪದರಗಳಿವೆ. ಆ ಹೆಂಚುಗಳ ಮೇಲೆ ತೆಳುವಾದ ಒಂದು ಜಿಡ್ಡಿನ ಹೊದಿಕೆ. ಒಳಗಿನ ತಿರುಳು ಕೆರಟಿನ್ ಎಂಬ ಪ್ರೋಟೀನಿನದು, ಕರಿಬಣ್ಣವೂ ಅಲ್ಲಿಯೇ ಇರುವುದು. ಆ ಬಣ್ಣವನ್ನು ತೆಗೆಯಬೇಕಾದರೆ ಬ್ಲೀಚು ಹೆಂಚುಗಳನ್ನೆತ್ತಿ ಒಳಗೆ ಹೋಗಬೇಕು. ಹೋಗುವಾಗ ಮೇಲಿನ ಜಿಡ್ಡಿನ ಹೊದಿಕೆಯನ್ನು ಕಿತ್ತುಹಾಕುವುದು. ಅನಂತರ ಕೂದಲು ನೀರನ್ನು ತಡೆಯಲಾರದೆ ಹೀರಿ ಊದಿಕೊಳ್ಳುವುದು, ಒಣಗುವಾಗ ಕುಗ್ಗುವುದು; ಹೀಗೆ ಊದಿ ಕುಗ್ಗಿ ಊದಿ ಕುಗ್ಗಿ ಬಿರಿಯುವುದು. ಅದರ ಮೇಲೆ ಕಾದ ಇಸ್ತ್ರಿ. ಅದರ ಮೇಲೆ ನಮ್ಮ ಜಿಲ್ಲೆಯ ಗಡಸು ನೀರು: ಸೋಪಿನೊಡನೆ ಸೇರಿದರೆ ನೊರೆಯಾಗದೆ ಬಿಳಿಯ ಗಸಿಯಾಗಿ ಕೂದಲಿಗೆ ಅಂಟಿಕೊಳ್ಳುವಂಥದು. ಸೀಗೆಕಾಯಿಗೂ ಅಂಟುವಾಳಕ್ಕೂ ಈ ಗಸಿಯ ತೊಂದರೆಯಿಲ್ಲವೆಂಬುದನ್ನು ನಮ್ಮ ಮೇಟ್ರನ್ ಅಮ್ಮನವರು ರಸಾಯನಶಾಸ್ತ್ರವನ್ನು ಓದದೆಯೇ ಬಲ್ಲವರಾಗಿದ್ದರು.

ಇನ್ನು ಎಣ್ಣೆ. ಎಲ್ಲ ಎಣ್ಣೆಯೂ ಒಂದೇ ಎಂದು ನಾವು ತಿಳಿದಿದ್ದೆವು. 2003ರಲ್ಲಿ ರೇಳೆ ಮತ್ತು ಮೋಹಿಲೆ ಎಂಬ ನಮ್ಮ ದೇಶದ ಇಬ್ಬರು ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜತೈಲ ಈ ಮೂರನ್ನೂ ಚೆನ್ನಾಗಿರುವ ಕೂದಲಿಗೂ ಬ್ಲೀಚು ಮಾಡಿದ ಕೂದಲಿಗೂ ಹಚ್ಚಿ, ತೊಳೆದು ಬಾಚುವಾಗ ಕೂದಲಿನಿಂದ ಎಷ್ಟು ಪ್ರೋಟೀನು ಹೊರಟುಹೋಗುವುದೆಂದು ಅಳೆದು ನೋಡಿ ಪ್ರಕಟಿಸಿದರು. ಕೊಬ್ಬರಿ ಎಣ್ಣೆಯೊಂದೇ ಆ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿತು. ಅದರ ಅರ್ಧದಷ್ಟು ಭಾಗವಾಗಿರುವ ಲಾರಿಕ್ ಆಮ್ಲವು ಗಾತ್ರದಲ್ಲಿ ಚಿಕ್ಕದು, ಕವಲಿಲ್ಲದೆ ನೇರವಾದುದು, ಪ್ರೋಟೀನಿಗೆ ಒಗ್ಗುವಂಥದು. ಆದುದರಿಂದ ಕೂದಲಿನೊಳಕ್ಕೆ ಇಳಿಯಬಲ್ಲುದು. ಒಳಗಿದ್ದುಕೊಂಡು ನೀರು ನುಗ್ಗುವುದನ್ನು ತಡೆಯುವುದು. ಮಿಕ್ಕವೆರಡು ಮೇಲೆಯೇ ನಿಲ್ಲುವುವು. ಸೀಸೆಯ ಮೇಲೆ ತೆಂಗಿನ ಚಿತ್ರವನ್ನೋ ಮಲ್ಲಿಗೆಯ ಚಿತ್ರವನ್ನೋ ಹಾಕಿ, ಒಳಗೆ ಬಹುಪಾಲು ಖನಿಜತೈಲವನ್ನೇ ತುಂಬಿ ಮಾರುವ ಸುವಾಸನೆಯ ಎಣ್ಣೆಗಳು ಅನೇಕವಿವೆ. ಅವು ವಿಷವಲ್ಲ, ಹೊಳಪು ಕೊಡುವುವು, ಸಿಕ್ಕು ಬಿಡಿಸುವುವು. ಆದರೆ ಕೊಬ್ಬರಿ ಎಣ್ಣೆಯ ಕೆಲಸವನ್ನು ಮಾಡಲಾರವು. ತಾಯಂದಿರು ಹಿಂದುಗಡೆಯ ಸಣ್ಣಕ್ಷರವನ್ನು ಓದಿ ಕೊಳ್ಳಬೇಕು.

ಮುಖ್ಯವಾದುದೊಂದು ಇದೆ. ಎಣ್ಣೆಯ ಉಪಕಾರವು ಹೆಚ್ಚಾಗಿ ಕಾಣುವುದು ತೊಳೆಯುವುದಕ್ಕೆ ಮುಂಚೆ ಹಚ್ಚಿದಾಗ. ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆದರೆ ಸಾಕು. ಹಾಗಾದರೆ ನಮ್ಮ ಶಾಲೆಯಲ್ಲಿ ಪ್ರತಿದಿನ ಬೆಳಿಗ್ಗೆ ಹೊಳೆಯುವಂತೆ ಎಣ್ಣೆ ಬಳಿದುಕೊಂಡು ಬರಬೇಕೆಂಬ ನಿಯಮವು ಯಾತಕ್ಕೆ? ಕೂದಲಿನ ಹಿತಕ್ಕಲ್ಲ, ನಮ್ಮ ಕಣ್ಣಿನ ಹಿತಕ್ಕೆ. ತಲೆಹೊಟ್ಟು ಇರುವ ಮಗುವಿಗಂತೂ ನೆತ್ತಿಗೆ ಎಣ್ಣೆಯನ್ನು ತುಂಬುವುದರಿಂದ ಕೆಡಕೇ ಆಗಬಹುದು, ಆ ಹೊಟ್ಟಿಗೆ ಕಾರಣವಾದ ಸೂಕ್ಷ್ಮಜೀವಿಯು ಜಿಡ್ಡನ್ನೇ ತಿಂದು ಬದುಕತಕ್ಕದ್ದೆಂದು ವೈದ್ಯರು ಬರೆದಿದ್ದರು. ಕೂದಲು ಒಣಗುವುದು ಬೇರೆ, ಬೇರಿನಿಂದ ಉದುರುವುದು ಬೇರೆ ಎಂದೂ ಅವರು ಎಚ್ಚರಿಸಿದರು. ಉದುರಿದರೆ ಸೀಸೆಯನ್ನು ಹುಡುಕಬಾರದು, ರಕ್ತ ಪರೀಕ್ಷೆ ಮಾಡಿಸಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದ 15ರಿಂದ 19 ವರುಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ಕಿಟಕಿಯಿಂದಾಚೆಗೆ ಎಸೆಯುವವರು ಯಾರು ಯಾರೆಂಬುದು ನಮಗೆ ತಿಳಿಯದೆ ಇಲ್ಲ.

ಸಿಲಿಕೋನಿನ ವಿಚಾರವಾಗಿ ನಮಗಿದ್ದ ತಿರಸ್ಕಾರವು ಕೇವಲ ಹೆಸರಿನ ಮೇಲಣ ತಿರಸ್ಕಾರ. ಅದು ಹುಟ್ಟುವುದು ಮರಳಿನಿಂದ. ಮರಳನ್ನು ವಿದ್ಯುತ್ಕುಲುಮೆಯಲ್ಲಿ ಇದ್ದಲಿನೊಡನೆ ಕಾಯಿಸಿ ಸಿಲಿಕಾನ್ ಎಂಬ ಮೂಲವಸ್ತುವನ್ನು ತೆಗೆದು, ಅದನ್ನು ಬೇರೆ ದ್ರವ್ಯಗಳೊಡನೆ ಕೂಡಿಸಿ ಎಣ್ಣೆಯಂಥ ಈ ಪದಾರ್ಥವನ್ನು ಮಾಡುವರು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಕಿಪ್ಪಿಂಗ್ ಎಂಬ ಪ್ರಾಧ್ಯಾಪಕರು ಬಹು ವರುಷ ಇವನ್ನು ಕುರಿತು ದುಡಿದು, ಸಿಲಿಕೋನ್ ಎಂಬ ಹೆಸರನ್ನೂ ಇಟ್ಟು, ಇವುಗಳಿಂದ ದೊಡ್ಡ ಪ್ರಯೋಜನವೇನೂ ಆಗಲಾರದೆಂದೇ ತಿಳಿದಿದ್ದರು. 1940ರಲ್ಲಿ ಅಮೆರಿಕದ ರೋಕೋ ಎಂಬವರು ಸುಲಭವಾಗಿ ತಯಾರಿಸುವ ಮಾರ್ಗವನ್ನು ಕಂಡುಹಿಡಿದ ಮೇಲೆ ಕಾರ್ಖಾನೆಗಳೆದ್ದುವು. ಅದೇ ಶತಮಾನದ ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅದು ಶಾಂಪೂವಿನೊಳಕ್ಕೂ ಬಂದಿತು.

ಇದು ಕೂದಲಿನೊಳಕ್ಕೆ ಹೋಗುವುದಿಲ್ಲ. ಹೊರಗೆ ತೆಳುವಾಗಿ ಹರಡಿಕೊಂಡು, ಬ್ಲೀಚು ಕಿತ್ತುಹಾಕಿದ ಜಿಡ್ಡಿನ ಹೊದಿಕೆಗೆ ಬದಲಾಗಿ ನಿಲ್ಲುವುದು. ಅಮೋಡೈಮೆಥಿಕೋನ್ ಎಂಬ ಒಂದು ಬಗೆಯಂತೂ ಕೂದಲು ಎಲ್ಲೆಲ್ಲಿ ಹೆಚ್ಚು ಕೆಟ್ಟಿದೆಯೋ ಅಲ್ಲಲ್ಲಿಯೇ ಹೆಚ್ಚಾಗಿ ಅಂಟಿಕೊಳ್ಳುವುದು. ಎಳೆಗೂ ಎಳೆಗೂ ಉಜ್ಜಾಟ ತಗ್ಗಿ, ಬಾಚಣಿಗೆಯು ಸಲೀಸಾಗಿ ಇಳಿಯುವುದು; ಬಾಚಣಿಗೆ ಇಳಿದರೆ ಕೂದಲು ಮುರಿಯುವುದು ಕಡಮೆ. ಹುಡುಗಿಯು ಅಜ್ಜಿಗೆ ಹೇಳಿದ ಮಾತು ಅಕ್ಷರಶಃ ನಿಜವಾಗಿದ್ದಿತು! ಸಿಲಿಕೋನು ಕೂದಲಿನ ಉಸಿರು ಕಟ್ಟಿಸುವುದೆಂದು ಕೆಲವರು ಹೆದರಿಸುವರು. ಜೀವವಿಲ್ಲದ ಕೂದಲು ಉಸಿರಾಡುವುದೇ ಇಲ್ಲ. ಪದರದ ಮೇಲೆ ಪದರ ಕೂತು ಭಾರವಾಗುವುದುಂಟು. ಶಾಂಪೂ ಹಾಕಿ ತೊಳೆದರೆ ಹೋಗುವುದು. ಕೆಲವು ಬಗೆಯ ಸಿಲಿಕೋನು ನೀರಿನಲ್ಲಿ ಬಹುಕಾಲ ಕೊಳೆಯದೆ ಉಳಿಯುವುದೆಂದು ಐರೋಪ್ಯ ಒಕ್ಕೂಟವು 2020ರಿಂದ, ತೊಳೆದು ಬಿಡುವ ಪದಾರ್ಥಗಳಲ್ಲಿ ಅವನ್ನು ನೂರಕ್ಕೆ 0.1ಕ್ಕಿಂತ ಕಡಮೆಯಿರುವಂತೆ ಕಟ್ಟುಮಾಡಿದೆ. ಅದು ನಾವೂ ಯೋಚಿಸತಕ್ಕ ಮಾತು. ಆದರೆ ಎರಡು ತೊಟ್ಟಿಗಾಗಿ ಒಂದು ಮಗುವನ್ನು ಅಪರಾಧಿಯನ್ನಾಗಿ ನಿಲ್ಲಿಸತಕ್ಕ ಮಾತಲ್ಲ.

ಬೋರ್ಡಿಂಗಿನಲ್ಲಿದ್ದವರಿಗೆ ಇನ್ನೊಂದನ್ನು ಹೇಳಿದರೆ ಸಂತೋಷವಾದೀತು. ಹೇನಿಗೆ ಇದೇ ಸಿಲಿಕೋನು ಮದ್ದು. ನೂರಕ್ಕೆ ನಾಲ್ಕರಷ್ಟು ಡೈಮೆಥಿಕೋನ್ ಇರುವ ಲೋಷನನ್ನು ಅದಕ್ಕಾಗಿಯೇ ಪರೀಕ್ಷಿಸಿ ಇಂಗ್ಲೆಂಡಿನಲ್ಲಿ ಉಪಯೋಗಕ್ಕೆ ತಂದು ಇಪ್ಪತ್ತು ವರುಷವಾಯಿತು. ವಿಷದಿಂದಲ್ಲ, ಮೈಯನ್ನು ಮುಚ್ಚಿಕೊಂಡೇ ಅದು ಹೇನನ್ನು ಕೊಲ್ಲುವುದು. ಸೀರಣಿಗೆ ಹಿಡಿದು ಬಿಸಿಲಿನಲ್ಲಿ ಕುಳಿತ ನಮ್ಮ ಆದಿತ್ಯವಾರಗಳೆಷ್ಟು ಎಂದು ನೆನೆದರೆ!

ಶಾಲೆಯಲ್ಲಿ ನಾವು ಮಾಡಿದುದು ಹೆಚ್ಚಿಲ್ಲ. ಪ್ರತಿದಿನದ ಎಣ್ಣೆಯ ನಿಯಮವನ್ನು ಹೊಡೆದುಹಾಕಿದೆವು. ಜಡೆಯ ನಿಯಮವು ಹಾಗೆಯೇ ಇದೆ, ಹೇನಿನ ಭಯದಿಂದ. ಇದಕ್ಕೆ ಕೆಲವು ತಂದೆತಾಯಿಗಳು ಒಪ್ಪಲಿಲ್ಲ. ಮುಖ್ಯೋಪಾಧ್ಯಾಯಿನಿಯೇ ಹುಡುಗಿಯರನ್ನು ಷೋಕಿಗೆ ಬಿಟ್ಟರೆಂದು ಒಬ್ಬ ತಂದೆಯವರು ಎರಡು ಪುಟದ ಪತ್ರ ಬರೆದರು. ಅವರ ಮಾತನ್ನು ನಾವು ಪೂರ್ತಿಯಾಗಿ ತಳ್ಳಿಹಾಕಲಾರೆವು. ಬ್ಲೀಚು ಮಾಡಿಸಿದವಳು ಹದಿನಾಲ್ಕು ವರುಷದವಳು. ಮಾಡಿದ ಅಂಗಡಿಯವರು ಅವಳ ವಯಸ್ಸನ್ನು ಕೇಳಲಿಲ್ಲ. ಜೊತೆಯಲ್ಲಿದ್ದ ದೊಡ್ಡವರೂ ತಡೆಯಲಿಲ್ಲ. ಅದು ನಮಗೆ ಈಗಲೂ ಸಮ್ಮತವಲ್ಲ.

ಆ ಹುಡುಗಿಯ ಮಟ್ಟಿಗೆ, ಬೋರ್ಡಿಂಗಿನ ಎಣ್ಣೆಯಲ್ಲಿ ವಾರಕ್ಕೆ ಎರಡು ಚಮಚವನ್ನು ಅವಳಿಗೆಂದು ತೆಗೆದಿರಿಸಿದೆವು. ಶುಕ್ರವಾರ ಸಂಜೆ ಕಿವಿಯಿಂದ ಕೆಳಗಿನ ಕೂದಲಿಗೆ ಮಾತ್ರ ಹಚ್ಚಿಕೊಂಡು ಮನೆಗೆ ಹೋಗುವಳು. ಶಾಲೆಯ ತೊಟ್ಟಿಯ ಮಳೆನೀರನ್ನು ಒಂದು ಕೊಡ ಒಯ್ಯುವಳು. ಮಳೆನೀರಿನಲ್ಲಿ ನೊರೆ ಚೆನ್ನಾಗಿ ಬರುತ್ತದೆಂದು ಅಜ್ಜಿಗೆ ಮೊದಲೇ ಗೊತ್ತಿದ್ದಿತು. ಸೋಪು ಬಿಟ್ಟು ಸ್ವಲ್ಪ ಶಾಂಪೂವಿನಿಂದ ನೆತ್ತಿಯನ್ನಷ್ಟೇ ತೊಳೆದು, ಕೂದಲಿನಲ್ಲಿ ಇನ್ನೂ ತೇವವಿರುವಾಗ ತುದಿಗೆ ಎರಡು ತೊಟ್ಟು ಸೀರಮ್ ಸವರಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸುವುದು. ಕೂದಲು ಮೊದಲಿನಂತೆ ಆಗಲಿಲ್ಲ, ಆಗುವಂತೆಯೂ ಇರಲಿಲ್ಲ. ಮುರಿಯುವುದು ಕಡಮೆಯಾಯಿತು, ಅಷ್ಟೆ. ಕೆಂಪಾದ ಭಾಗವನ್ನು ಕತ್ತರಿಸಬೇಕೆಂದರೆ ಅಜ್ಜಿಯು ಬೇಡವೇ ಬೇಡವೆಂದರು. ಹೆಣ್ಣುಮಗುವಿನ ಕೂದಲಿಗೆ ಕತ್ತರಿ ಹಾಕುವುದೆ ಎಂದು. ಮೊಮ್ಮಗಳೇ ಅವರನ್ನು ಒಪ್ಪಿಸಿದಳು. ತಿಂಗಳಿಗೆ ಎರಡು ಬೆರಳಿನಷ್ಟು, ಅಜ್ಜಿಯ ಕೈಯಿಂದಲೇ.

ಕಳೆದ ವಾರ ಅವಳು ಯಾವುದೋ ರುಜುವಿಗಾಗಿ ನಮ್ಮ ಕೋಣೆಗೆ ಬಂದಿದ್ದಳು. ಬೈತಲೆಯ ಎರಡು ಕಡೆಗೂ ಹೊಸ ಕೂದಲು ಕಪ್ಪಾಗಿ ಬೆಳೆದು ಹಳೆಯದರೊಡನೆ ಗಡಿ ಹಾಕಿದಂತೆ ಕಾಣುತ್ತಿದ್ದಿತು. ಅಳೆಯೋಣವೆಂದು ಮೇಜಿನ ಮೇಲಿದ್ದ ಅಳತೆಗೋಲನ್ನು ತೆಗೆದುಕೊಂಡೆವು, ಒಂಬತ್ತು ಸೆಂಟಿಮೀಟರು. ಅವಳು ನಾಚಿಕೊಂಡು ನಕ್ಕಳು. ರುಜುವಾದ ಮೇಲೂ ಹೋಗದೆ ನಿಂತಿದ್ದಾಳೆ. ಏನಮ್ಮ ಎಂದು ಕೇಳಿದೆವು.

“ಏನಿಲ್ಲ ಮೇಡಂ. ಅವತ್ತು ನೀವು ಅಜ್ಜಿ ಕೈಲಿ ಕೊಟ್ಟ ಸೀಸೆ ನಂದಲ್ಲ. ನಂದು ಪೂರ್ತಿ ತುಂಬಿತ್ತು.”